ಓನರ್ ಆಂಟಿಯ ಹದಿನೇಳು ಕಾಗದಗಳು

ಅವರ ಕೊರಳಲ್ಲಿ ಯಾವಾಗಲೂ ಎರಡು ಕನ್ನಡಕಗಳು ತೂಗುತ್ತಿದ್ದವು. ಕಪ್ಪು ದಾರದ್ದು ಮನುಷ್ಯರನ್ನು ನೋಡುವುದಕ್ಕೆ, ಕೆಂಪು ದಾರದ್ದು ಕಾಗದ ನೋಡುವುದಕ್ಕೆ. ನಡೆಯುವಾಗ ಎರಡೂ ತಾಗಿ ಟಕಟಕ ಎನ್ನುತ್ತಿದ್ದುದರಿಂದ ಅವರು ಮೆಟ್ಟಿಲಿಳಿದು ಬರುವುದು ಕೆಳಗಿನ ಮನೆಯಲ್ಲಿದ್ದ ನಮಗೆ ಮೊದಲೇ ಗೊತ್ತಾಗುತ್ತಿತ್ತು. ಸಿಟ್ಟು ಬಂದಾಗ ಕೆಂಪು ದಾರದ್ದನ್ನೇ ಏರಿಸಿಕೊಂಡು, ನಮ್ಮನ್ನು ಅಕ್ಷರ ಅಕ್ಷರವಾಗಿ ಓದುವವರ ಹಾಗೆ ನೋಡುತ್ತಿದ್ದರು.

ವೆಲಿಂಗ್ಟನ್ ಊರಂಚಿನ ಜಾನ್ಸನ್‌ವಿಲ್‌ನಲ್ಲಿ ಅವರ ಮನೆಯ ಕೆಳಭಾಗದಲ್ಲಿ ನಾವು ಆರು ವರ್ಷ ಬಾಡಿಗೆಗಿದ್ದೆವು. ನಾನು, ಬಸ್ ಓಡಿಸುವ ನನ್ನ ಗಂಡ, ಇಲ್ಲೇ ಹುಟ್ಟಿದ ಮಗಳು. ನಾವು ಗದಗದ ಕಡೆಯ ಮುಸಲ್ಮಾನರು. ಅವರು ಎಂಬತ್ತು ದಾಟಿದ ಯಹೂದಿ ವಿಧವೆ. ಮನೆ ನೋಡಲು ಹೋದ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ, ಹಂದಿ ಮಾಂಸ ಬೇಯಿಸುತ್ತೀರಾ ಎಂದು. ಇಲ್ಲವೆಂದೆವು. ಅವರೂ ಬೇಯಿಸುವುದಿಲ್ಲವಂತೆ. ಇಷ್ಟು ಹೊಂದಿದರೆ ಸಾಕು, ಉಳಿದದ್ದನ್ನು ಜಗಳ ಆಡಿ ಸರಿಮಾಡಿಕೊಳ್ಳೋಣ ಎಂದು ಕೀಲಿ ಕೊಟ್ಟರು. ಅಂದಿನಿಂದ ಅವರು ನಮ್ಮ ಓನರ್ ಆಂಟಿ. ಊರಿನಿಂದ ನನ್ನ ಅಣ್ಣ ಮಾತ್ರ ಫೋನಿನಲ್ಲಿ, "ಯಹೂದಿ ಮನಿ ಬಿಟ್ಟು ನಿಮಗ ಬ್ಯಾರೆ ಮನೀನ ಸಿಗಲಿಲ್ಲೇನು?" ಎಂದಿದ್ದ. ನಾನು ಜ್ವರದಲ್ಲಿ ಮಲಗಿದ್ದಾಗ ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದ್ದು ಇದೇ ಯಹೂದಿ ಎಂದು ಆಮೇಲೆ ಹೇಳಿದೆ.

ಓನರ್ ಆಂಟಿಯ ತಂದೆ ಯುದ್ಧಕ್ಕೆ ಸ್ವಲ್ಪ ಮೊದಲು ಯುರೋಪಿನಿಂದ ಒಬ್ಬರೇ ತಪ್ಪಿಸಿಕೊಂಡು ವೆಲಿಂಗ್ಟನ್ನಿಗೆ ಬಂದವರು. ಅವರ ತಾಯಿ, ಎಂದರೆ ಆಂಟಿಯ ಅಜ್ಜಿ, ಅಲ್ಲೇ ಉಳಿದರು. ಆ ತಾಯಿಯಿಂದ ಮಗನಿಗೆ ಹದಿನೇಳು ಪತ್ರಗಳು ಬಂದವು, ಆಮೇಲೆ ಬರಲಿಲ್ಲ. ಏಕೆ ಬರಲಿಲ್ಲವೆಂದು ಅವರ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲವಂತೆ, ಎಲ್ಲರಿಗೂ ಗೊತ್ತಿತ್ತು. ಯುದ್ಧದ ಕಾಲದಲ್ಲಿ ಬೀದಿಯಲ್ಲಿ ಜರ್ಮನ್ ಆಡಿದರೆ ಜನ ತಿರುಗಿ ನೋಡುತ್ತಿದ್ದರೆಂದು ತಂದೆ ಮಕ್ಕಳ ಎದುರಿಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಲೇ ಇಲ್ಲ. ಹೀಗಾಗಿ ತಂದೆ ತೀರಿಕೊಂಡ ಮೇಲೆ ಪತ್ರಗಳು ಮಗಳ ಕೈಗೆ ಬಂದಾಗ ಅವರಿಗೆ ಒಂದಕ್ಷರವೂ ತಿಳಿಯಲಿಲ್ಲ. ಅದೂ ಹಳೆಯ ಕಾಲದ ಕೈಬರಹ, ನಮ್ಮ ಕಡೆಯ ಜಮೀನು ಕಾಗದಗಳ ಮೋಡಿ ಅಕ್ಷರದ ಹಾಗೆ. ಈಗಿನ ಜರ್ಮನರಿಗೇ ಓದಲು ಬರುವುದಿಲ್ಲವಂತೆ.

ಆ ಹದಿನೇಳನ್ನೂ ಒಂದು ದಿಂಬಿನ ಚೀಲದಲ್ಲಿ ಹಾಕಿ ಬಿಸಿನೀರಿನ ಸಿಲಿಂಡರ್ ಇರುವ ಕಪಾಟಿನಲ್ಲಿ ಇಟ್ಟಿದ್ದರು. ಆ ಥಂಡಿ ಮನೆಯಲ್ಲಿ ಒಣಗಿದ ಜಾಗ ಅದೊಂದೇ. ಮುಟ್ಟುವ ಮೊದಲು ಮೊಣಕೈವರೆಗೆ ಕೈ ತೊಳೆಯುತ್ತಿದ್ದರು. ಪ್ರತಿ ಪತ್ರದ ತಲೆಯಲ್ಲೂ ದೇವರ ಹೆಸರಿನ ಎರಡು ಸಣ್ಣ ಅಕ್ಷರಗಳಿದ್ದವು. ಹಾಗಾಗಿ ಅದು ನೆಲಕ್ಕೆ ಬೀಳಬಾರದು. ನನ್ನ ತಾಯಿಯೂ ದಾರಿಯಲ್ಲಿ ಬಿದ್ದ ಅರಬ್ಬಿ ಅಕ್ಷರದ ಚೂರು ಕಂಡರೆ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು ಎಂದಾಗ, ನಿನ್ನ ಕೈಗೆ ಇವನ್ನು ಕೊಡಬಹುದು ಹಾಗಾದರೆ ಎಂದಿದ್ದರು. ಆ ಮಾತನ್ನು ಅವರು ಆಡದಿದ್ದರೆ ಚೆನ್ನಾಗಿತ್ತು.

ಪೇಟೆಯಲ್ಲಿ ಆ ಕೈಬರಹ ಬಲ್ಲ ಒಬ್ಬ ನಿವೃತ್ತ ಮೇಷ್ಟ್ರು ಸಿಕ್ಕಿದ್ದರು. ತಿಂಗಳಿಗೊಂದು ಪತ್ರ ತೆಗೆದುಕೊಂಡು ಆಂಟಿ ರೈಲಿನಲ್ಲಿ ಹೋಗುವರು, ಅವರು ಓದಿ ಇಂಗ್ಲಿಷಿನಲ್ಲಿ ಹೇಳುವರು, ಇವರು ಬರೆದುಕೊಂಡು ಬಂದು ಮೊಮ್ಮಗಳಿಗಾಗಿ, ಅವಳಿಗೆ ಮುಂದೆ ಹುಟ್ಟುವವರಿಗಾಗಿ ಟೈಪು ಮಾಡುವರು. ಒಟ್ಟಿಗೇ ಕೊಟ್ಟುಬಿಡಬಹುದಲ್ಲ ಎಂದರೆ, "ಸತ್ತವರಿಗೆ ಅವಸರವಿಲ್ಲ" ಎನ್ನುತ್ತಿದ್ದರು. ಅದು ಅವರ ಹಳೆಯ ಮಾತು. ಹಾಲು ತರುವುದಕ್ಕೆ ಡೇರಿ ಅಂಗಡಿಗೆ ಹೊರಟಾಗಲೂ ಅದನ್ನೇ ಹೇಳಿ ನನ್ನನ್ನು ಕಾಯಿಸುತ್ತಿದ್ದರು. ಪತ್ರಗಳಲ್ಲಿ ದೊಡ್ಡ ಸಂಗತಿ ಏನೂ ಇರಲಿಲ್ಲ. ಉಣ್ಣೆಯ ಕಾಲುಚೀಲ ಹಾಕಿಕೋ. ಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆ. ಹೊಲಿಗೆ ಯಂತ್ರ ಮಾರಿದೆ. ಮತ್ತೆ ಕಾಲುಚೀಲ. ಭೂಮಿಯ ಆ ತುದಿಯಿಂದ ಈ ತುದಿಗೆ ಬರೆಯುವುದು ಕಾಲುಚೀಲದ ಬಗ್ಗೆಯೇ ಎಂದು ಅಜ್ಜಿಯನ್ನು ಬೈದು, ಮೂಗು ಒರೆಸಿಕೊಳ್ಳುತ್ತಿದ್ದರು.

ಹದಿನಾರು ಓದಿಸಿದವರು ಹದಿನೇಳನೆಯದರ ಹತ್ತಿರ ನಿಂತುಬಿಟ್ಟರು. ಎರಡು ವರ್ಷ ಅದನ್ನು ಒಯ್ಯಲಿಲ್ಲ. ನಾನು ಒಮ್ಮೆ ಕೇಳಿಯೇಬಿಟ್ಟೆ.

"ಅದನ್ನು ಓದಿಸಿದ ಮೇಲೆ ನನ್ನ ಅಜ್ಜಿಗೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ" ಎಂದರು.

ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅಕ್ಷರವಂತೂ ಬಾರದು. ಅದಕ್ಕಾಗಿ ಆಂಟಿ ನನ್ನನ್ನು ಕೆಂಪು ದಾರದ ಕನ್ನಡಕದಲ್ಲಿ ಎಷ್ಟೋ ಸಲ ಓದಿದ್ದಾರೆ. ನಾಳೆ ಇವಳು ನಿನ್ನ ಕಾಗದ ಹಿಡಿದುಕೊಂಡು ಯಾವ ಮುದುಕನ ಬಾಗಿಲಿಗೆ ಹೋಗಬೇಕು ಎಂದು ಕೇಳುವರು. ಭಾನುವಾರದಿಂದ ಕಲಿಸುತ್ತೇನೆ ಎನ್ನುತ್ತಿದ್ದೆ. ಭಾನುವಾರಗಳೇನೋ ಬರುತ್ತಿದ್ದವು.

ಹೋದ ವರ್ಷದ ಹಿಂದಿನ ಚಳಿಗಾಲ ಅವರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದರು. ಅದೇ ವಾರ ಬಿಸಿನೀರಿನ ಸಿಲಿಂಡರ್ ಸೋರಿತು. ನಾನು ಮೇಲೆ ಹೋಗಿ ನೋಡಿದಾಗ ದಿಂಬಿನ ಚೀಲದ ಒಂದು ಮೂಲೆ ಒದ್ದೆಯಾಗಿತ್ತು. ಹದಿನೇಳನ್ನೂ ಟವೆಲಿನ ಮೇಲೆ ಹರಡಿ ಹೀಟರಿನ ಪಕ್ಕ ಎರಡು ದಿನ ಒಣಗಿಸಿದೆ. ಅಕ್ಷರಗಳು ಹಾಗೇ ಇದ್ದವು. ನನಗೆ ಜೀವ ಬಂತು. ಆದರೆ ಮತ್ತೆ ಹೀಗಾದರೆ?

"ಲ್ಯಾಮಿನೇಷನ್ ಮಾಡಿಬಿಡು" ಎಂದರು ನನ್ನ ಗಂಡ. "ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ನೋಡು. ಇಪ್ಪತ್ತು ವರ್ಷ ಆತು, ಹೊಸಾದಿದ್ದಂಗ ಐತಿ."

ನಮ್ಮೂರಲ್ಲಿ ಬೆಲೆಯುಳ್ಳ ಕಾಗದಕ್ಕೆ ಅದೇ ಮರ್ಯಾದೆ. ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು, ತೀರಿಕೊಂಡ ಅಜ್ಜನ ಫೋಟೋ, ಎಲ್ಲವನ್ನೂ ಜೆರಾಕ್ಸ್ ಅಂಗಡಿಗೆ ಒಯ್ದು ಪ್ಲಾಸ್ಟಿಕ್ಕಿನೊಳಗೆ ಕೂರಿಸಿಬಿಟ್ಟರೆ ನಿಶ್ಚಿಂತೆ. ನಾನು ಕೆಲಸ ಮಾಡುವ ಶಿಶುವಿಹಾರದಲ್ಲಿಯೂ ಆ ಯಂತ್ರವಿದೆ; ಮಕ್ಕಳ ಚಿತ್ರಗಳನ್ನು ದಿನಕ್ಕೆ ಹತ್ತಾದರೂ ಅದಕ್ಕೆ ತಿನ್ನಿಸುತ್ತೇನೆ. ಆಂಟಿ ಮನೆಗೆ ಬಂದಾಗ ಆಶ್ಚರ್ಯಪಡಲಿ ಎಂದು ಯಾರನ್ನೂ ಕೇಳದೆ ಒಯ್ದೆ. ಕ್ರಮ ತಪ್ಪಬಾರದೆಂದು ಒಂದರಿಂದ ಶುರುಮಾಡಿದೆ. ಹದಿನಾರೂ ಚೆನ್ನಾಗಿ ಬಂದವು. ಅವೆಲ್ಲ ಶಾಯಿಯವು. ಕೊನೆಯದು ಪೆನ್ಸಿಲಿನದು, ಬೂದು ಬಣ್ಣದ ಸಣ್ಣ ಅಕ್ಷರಗಳು, ತೆಳ್ಳನೆಯ ಕಾಗದ. ಒಳಗೆ ಇನ್ನೂ ತೇವವಿತ್ತು, ನನಗೆ ತಿಳಿಯಲಿಲ್ಲ. ಯಂತ್ರದ ಆ ಕಡೆಯಿಂದ ಅದು ಹೊರಗೆ ಬಂದಾಗ ಅಕ್ಷರಗಳು ನೇರಳೆಯಾಗಿ ಒಂದರೊಳಗೊಂದು ಕಲಸಿಹೋಗಿದ್ದವು, ನೇರಳೆಹಣ್ಣು ತಿಂದ ಮಗುವಿನ ನಾಲಿಗೆಯ ಹಾಗೆ. ಆ ಕಾಲದಲ್ಲಿ ಹಾಗೊಂದು ಪೆನ್ಸಿಲ್ ಇತ್ತೆಂದೂ ತೇವ ತಾಗಿದರೆ ಅದು ಶಾಯಿಯಾಗುತ್ತದೆಂದೂ ಆಮೇಲೆ ಮೇಷ್ಟ್ರು ಹೇಳಿದರು. ಮಾಡಿದ ಬಿರಿಯಾನಿಗೆಲ್ಲ ಫೋಟೋ ತೆಗೆಯುವ ನಾನು ಅವತ್ತು ಒಂದೂ ಫೋಟೋ ತೆಗೆದಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಒಂಬತ್ತು ದಿನ ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತು, ಮನೆಯಲ್ಲಿ ಎಲ್ಲ ಸರಿಯಾಗಿದೆ ಎಂದು ಸುಳ್ಳು ಹೇಳಿದೆ. ಅವರು ವಾಕರ್ ಹಿಡಿದು ಮನೆಗೆ ಬಂದ ಮರುದಿನ ಹದಿನೇಳು ಪ್ಲಾಸ್ಟಿಕ್ ಹಾಳೆಗಳನ್ನು ಅವರ ಮೇಜಿನ ಮೇಲಿಟ್ಟು, ಏನು ಮಾಡಿದೆನೆಂದು ಹೇಳಿದೆ. ಜೋಪಾನವಾಗಿರಲಿ ಎಂದು ಮಾಡಿದೆ ಎಂದೂ ಹೇಳಿದೆ. ಕೆಂಪು ದಾರದ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ತಿರುವಿ ನೋಡಿದರು. ಕೊನೆಯದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದರು. ನನ್ನ ಕಡೆ ನೋಡಲು ಇನ್ನೊಂದನ್ನು ಹಾಕಿಕೊಳ್ಳಲಿಲ್ಲ.

"ನನ್ನ ಅಪ್ಪ ಓದಿದ್ದಾರೆ" ಎಂದರು. "ಬರೆದದ್ದು ಅವರಿಗೆ. ಈಗ ನೀನು ಕೆಳಗೆ ಹೋಗು."

ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಮೂರು ವಾರ ನಾನು ಊಟ ಒಯ್ದರೆ ತೆಗೆದುಕೊಂಡರು, ಥ್ಯಾಂಕ್ಯೂ ಎಂದರು, ಗಾಳಿ ಜೋರಾಗಿದೆ ಎಂದರು. ನಮ್ಮ ಜಗಳವೆಲ್ಲ ಮುಗಿದುಹೋಗಿತ್ತು. ಅಷ್ಟು ಮರ್ಯಾದೆ ನನಗೆ ತಡೆಯಲಾಗಲಿಲ್ಲ. ಗಂಡನ ಮೇಲೆ, ಅವರ ಮಾರ್ಕ್ಸ್ ಕಾರ್ಡಿನ ಮೇಲೆ ಸಿಟ್ಟು ತೀರಿಸಿಕೊಂಡೆ. ಪಾಪ, ಮಾಡಿದ್ದು ನಾನು.

ನಾಲ್ಕನೆಯ ವಾರ ಅವರೇ ಕರೆದು ಮೇಷ್ಟ್ರ ಹತ್ತಿರ ಹೋಗೋಣ ಎಂದರು. ರೈಲಿನಲ್ಲಿ ವಾಕರ್ ಹತ್ತಿಸಿ ಇಳಿಸಿ ಕರೆದುಕೊಂಡು ಹೋದೆ. ಮೇಷ್ಟ್ರು ಕಿಟಕಿಯ ಬೆಳಕಿಗೆ ಹಿಡಿದರು, ಭೂತಗನ್ನಡಿ ಇಟ್ಟರು, ತಲೆಕೆಳಗು ಮಾಡಿ ನೋಡಿದರು. ಸಿಕ್ಕಿದ್ದು ಮೇಲಿನ "ಪ್ರೀತಿಯ ಮಗನೇ", ಆಮೇಲೆ ನಡುವೆಲ್ಲೋ ಒಂದು "ನಾಳೆ". ಅಷ್ಟೇ. ನಾಳೆ ಏನು ಎಂಬುದು ಸಿಗಲಿಲ್ಲ.

ಮನೆಗೆ ಬಂದು ಆಂಟಿ ನನ್ನ ಮುಂದೆ ಒಂದು ಬಿಳಿ ಹಾಳೆ, ಪೆನ್ನು ಇಟ್ಟರು. ಈ ಪತ್ರಕ್ಕೆ ಏನಾಯಿತೆಂದು ಬರೆ, ಇದರ ಜೊತೆಗೇ ಇಡುತ್ತೇನೆ ಎಂದರು. ನಾನು ಇಂಗ್ಲಿಷಿನಲ್ಲಿ ಶುರುಮಾಡಿದೆ. ಮೊದಲ ಸಾಲಿನಲ್ಲಿಯೇ ಕ್ಷಮಿಸಿ ಎಂದಿತ್ತು. ಅದನ್ನು ಹರಿದುಹಾಕಿದರು.

"ಕ್ಷಮೆ ನನಗೂ ನಿನಗೂ ಇರುವ ವ್ಯವಹಾರ. ಮೊಮ್ಮಗಳಿಗೆ ಏನಾಯಿತೆಂದು ಗೊತ್ತಾಗಬೇಕು, ಅಷ್ಟೇ. ಇಂಗ್ಲಿಷಿನಲ್ಲಿ ನೀನು ತೀರಾ ನಯವಾಗಿ ಬರೆಯುತ್ತೀ. ನಿನ್ನ ಭಾಷೆಯಲ್ಲಿ ಬರೆ."

ಯಾರು ಓದುತ್ತಾರೆ ಆಂಟಿ ಎಂದೆ.

"ಯಾರನ್ನಾದರೂ ಹುಡುಕಿ ಓದಿಸಿಕೊಳ್ಳುತ್ತಾಳೆ. ನಾನು ಓದಿಸಿಕೊಳ್ಳಲಿಲ್ಲವೇ?"

ಬರೆದೆ. "ಈ ಪತ್ರವನ್ನು ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ ನಾನು ಹಾಳುಮಾಡಿದೆ. ನೀರು ತಾಗಿತ್ತು. ಒಣಗಿದೆ ಎಂದುಕೊಂಡು ಬಿಸಿ ಯಂತ್ರಕ್ಕೆ ಕೊಟ್ಟೆ. ಮೊದಲು ಫೋಟೋ ತೆಗೆಯಲಿಲ್ಲ. ಇದರಲ್ಲಿ ಏನಿತ್ತೆಂದು ಯಾರೂ ಓದಿರಲಿಲ್ಲ." ಅರ್ಥ ಹೇಳಿಸಿಕೊಂಡು, ಕೊನೆಯ ಸಾಲು ತಪ್ಪು ಎಂದರು. "ನಿನ್ನ ಮುತ್ತಜ್ಜನ ಹೊರತು" ಎಂದು ನನ್ನಿಂದ ಸೇರಿಸಿದರು. ಆಮೇಲೆ ಚಹಾ ಮಾಡು ಎಂದರು. ಕ್ಷಮಿಸಿದೆ ಎಂದು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಮುಂದಿನ ಚಳಿಗಾಲಕ್ಕೆ ಅವರು ಉಳಿಯಲಿಲ್ಲ. ನಮ್ಮಲ್ಲಿ ಹೆಂಗಸರು ಹೆಣದ ಜೊತೆ ಮಣ್ಣಿಗೆ ಹೋಗುವ ರೂಢಿಯಿಲ್ಲ, ನಾನು ಹೋದೆ. ಅವರ ಪದ್ಧತಿಯಲ್ಲಿ ಸಲಿಕೆಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಮಣ್ಣಿನಲ್ಲಿ ನೆಟ್ಟು ಸರಿಯುತ್ತಾರೆ, ಮುಂದಿನವರು ತಾವೇ ಕಿತ್ತುಕೊಳ್ಳಬೇಕು. ಮೂರು ಸಲ ಮಣ್ಣು ಹಾಕಿ ಬಂದೆ.

ಆಕ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ ಮೊಮ್ಮಗಳು ಪತ್ರಗಳನ್ನು ತೆಗೆದುಕೊಂಡು ಹೋಗಲು ಬಂದವಳು, ನನ್ನ ಹಾಳೆ ಹಿಡಿದು ಕೆಳಗೆ ಬಂದಳು. ಇದು ಯಾವ ಭಾಷೆ, ನಿಮಗೆ ಓದಲು ಬರುತ್ತದೆಯೇ ಎಂದು ಕೇಳಿದಳು. ಅಜ್ಜಿ ಅವಳಿಗೆ ಏನೂ ಹೇಳಿರಲಿಲ್ಲ. ಹೇಳುವ ಕೆಲಸವನ್ನು ನನಗೇ ಬಿಟ್ಟು ಹೋಗಿದ್ದರು. ಮುಂದೆ ತನ್ನ ಮಕ್ಕಳಿಗೂ ಇರಲಿ ಎಂದು ಅವಳು ಫೋನಿನ ರೆಕಾರ್ಡರ್ ಒತ್ತಿ ಮೇಜಿನ ಮೇಲಿಟ್ಟಳು. ಮೊದಲು ಕನ್ನಡದಲ್ಲಿ ಓದಿದೆ, ಆಮೇಲೆ ಇಂಗ್ಲಿಷಿನಲ್ಲಿ. ಒಂದು ಪದ ನಯಮಾಡಲಿಲ್ಲ. ಅವಳು ಅತ್ತಳು. ಮುಚ್ಚಿಟ್ಟು ಏನು, ನಾನೂ ಅತ್ತೆ.

ಆ ತಾಯಿ ಮಗನಿಗೆ ಕೊನೆಯದಾಗಿ ಹೇಳಿದ ಮಾತು ಇನ್ನು ಯಾರಿಗೂ ಸಿಗುವುದಿಲ್ಲ. ನಾನು ಮಾಡಿದ್ದು ಮಾತ್ರ ಅವರ ಮನೆತನದಲ್ಲಿ, ನನ್ನದೇ ದನಿಯಲ್ಲಿ, ಬಹಳ ಕಾಲ ಉಳಿಯುತ್ತದೆ.