ಅರ್ಧ ನಿಮಿಷಕ್ಕೆ ಇಪ್ಪತ್ತು ಡಬ್ಬಿ

ಶರಣಮ್ಮನವರ ಕೊರಳಲ್ಲಿ ತಾಳಿಯ ಜೊತೆ ಒಂದು ಸೆಣಬಿನ ದಾರವೂ ಇರುತ್ತಿತ್ತು. ಅದು ಅವರ ಅಳತೆಪಟ್ಟಿ. ಉಡುಗೊರೆಯ ಡಬ್ಬಿ ಕೈಗೆ ಬಂದ ಕೂಡಲೇ ದಾರವನ್ನು ಅದರ ಹೊಟ್ಟೆಗೆ ಒಂದು ಸುತ್ತು ಹಾಕಿ, ಬಿಚ್ಚಿ, ಬಣ್ಣದ ಕಾಗದದ ಮೇಲೆ ಚಾಚಿ, ತುದಿಗೆ ಎರಡು ಬೆರಳು ಕೂಡಿಸಿ ಕತ್ತರಿ ಹಾಕುತ್ತಿದ್ದರು. ಅವರು ಕತ್ತರಿಸಿದ ಕಾಗದ ಸಾಲದೆ ಹೋದದ್ದನ್ನು ನಾನು ಕಂಡಿಲ್ಲ.

ಮರಾಠಿ ಸೀಮೆಯ ಧನಕವಡಿಯಲ್ಲಿ ನಮ್ಮ ಅಮ್ಮನ ಉಡುಗೊರೆ ಅಂಗಡಿ ಇತ್ತು. ಗುಲಬರ್ಗಾ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಶರಣಮ್ಮ, ದಸರೆಯಿಂದ ದೀಪಾವಳಿಯವರೆಗೆ ಇಟ್ಟಿಗೆ ಬಿಟ್ಟು ನಮ್ಮಲ್ಲಿ ಪ್ಯಾಕಿಂಗಿಗೆ ಕೂರುತ್ತಿದ್ದರು. ಅಕ್ಷರ ಬಾರದು, ಆದರೆ ಯಾವ ಡಬ್ಬಿಗೆ ಎಷ್ಟು ಹೊತ್ತು, ಮನೆಮನೆಗೆ ಒಯ್ಯುವ ಚೀಲದಲ್ಲಿ ಯಾವ ಮನೆಯದು ಅಡಿಯಲ್ಲಿ, ಯಾವುದು ಮೇಲೆ, ಎಲ್ಲವೂ ತಲೆಯಲ್ಲೇ. ಗಿರಾಕಿಯೊಬ್ಬರು ಯಾವಾಗ ಬರಲಿ ಎಂದು ಕೇಳಿದರೆ ಮರಾಠಿಯಲ್ಲಿ “ಸಾಡೇಪಾಚ್‌ಲಾ ಯಾ, ತಾಯಿ” ಎಂದು ಐದೂವರೆಗೆ ಕರೆಯುವರು. ಆಮೇಲೆ ನನ್ನತ್ತ ತಿರುಗಿ, “ಐದಕ್ಕ ಆಗ್ತದ. ಆದ್ರ ನಡುವ ಯಾರರ ಬಂದು ಅರ್ಧಾ ತಾಸು ಮಾತಾಡ್ತಾರ. ಮಂದೀನೂ ಲೆಕ್ಕದಾಗ ಹಿಡೀಬೇಕವ್ವ” ಎನ್ನುವರು.

ನಾನು ಸಂಖ್ಯಾಶಾಸ್ತ್ರದಲ್ಲಿ ಪದವಿ ಮುಗಿಸಿದ್ದೆ. ಅವರಿಗೆ ನಾನು ‘ಕಾಲೇಜಮ್ಮ’.

ತೊಂಬತ್ತರ ದಶಕದ ಕೊನೆಯ ಒಂದು ದೀಪಾವಳಿ. ಲೋಣಾವಳಾ ದಾರಿಯ ಸಣ್ಣ ನಿಲ್ದಾಣವೊಂದರ ಬಳಿ ಹೋಟೆಲ್ ನಡೆಸುತ್ತಿದ್ದ ಉಡುಪಿ ಕಡೆಯವರು ಕೆಲಸಗಾರರಿಗೆಂದು ಇಪ್ಪತ್ತು ಸ್ಟೀಲ್ ಡಬ್ಬಿ ಕೇಳಿದ್ದರು. ಲೋಕಲ್ ರೈಲಿನಲ್ಲಿ ಒಯ್ಯಬೇಕು. ರೈಲು ಅಲ್ಲಿ ನಿಲ್ಲುವುದು ಅರ್ಧ ನಿಮಿಷ.

“ನಾಕ್ ನಾಕ್ ಸೇರಿಸಿ ಕಟ್ಟಿದ್ರ ಐದ ಗಂಟು,” ಎಂದರು ಶರಣಮ್ಮ. “ಐದ ಸಲ ಕೈ ಚಾಚಿದ್ರ ಮುಗೀತು.”

“ರಿಬ್ಬನ್ ಹೂವು ಜಜ್ಜಿ ಹೋಗ್ತಾವ ಅಕ್ಕಾ. ಒಂದು ಡಬ್ಬಿಗೆ ಒಂದೂವರೆ ಸೆಕೆಂಡ್, ಇಪ್ಪತ್ತಕ್ಕ ಮೂವತ್ತು. ಬರೋಬ್ಬರಿ ಆಗ್ತದ.”

“ಬರೋಬ್ಬರಿ ಆದ್ರ ಹ್ಯಾಂಗ? ಎರಡು ಬೆರಳು ಎಲ್ಲಿ?”

ನಾನು ಗಡಿಯಾರ ಹಿಡಿದು ಅಂಗಡಿಯ ಬಾಗಿಲಲ್ಲೇ ಪರೀಕ್ಷೆ ಮಾಡಿಸಿದೆ. ಒಳಗಿನಿಂದ ನಾನು ಕೊಟ್ಟೆ, ಹೊರಗೆ ನಿಂತು ಅವರು ಇಳಿಸಿಕೊಂಡರು. ಇಪ್ಪತ್ತಾರು ಸೆಕೆಂಡ್. “ನೋಡ್ರಿ, ನಿಮ್ಮ ಎರಡು ಬೆರಳು!” ಎಂದು ಬೀಗಿದೆ. “ಆತು ತಗೋ ಕಾಲೇಜಮ್ಮ” ಎಂದು ನಕ್ಕರು.

ಅಂಗಡಿಯ ಬಾಗಿಲಲ್ಲಿ ಯಾರೂ ಒಳಗೆ ನುಗ್ಗುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ರೈಲು ನಿಂತ ಮೇಲೆ. ಶರಣಮ್ಮ ಕೆಳಗಿಳಿದರು. ಅವರ ಹಿಂದೆಯೇ ಹಬ್ಬದ ಜನ ಹತ್ತತೊಡಗಿತು. ಮೊಣಕೈಗಳ ಸಂದಿಯಿಂದ ಹನ್ನೆರಡು ಡಬ್ಬಿ ದಾಟಿಸುವಷ್ಟರಲ್ಲಿ ರೈಲು ಜಗ್ಗಿತು. ಹದಿಮೂರನೆಯದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಾನು ಹಾರಿದೆ.

ಈ ಭಾಗವನ್ನು ಕನಸಿನಲ್ಲಿ ಎಷ್ಟು ಸಲ ಮತ್ತೆ ನೋಡಿದ್ದೇನೋ. ಚಪ್ಪಲಿ ಜಾರುತ್ತದೆ. ಒಂದು ಕಾಲು ಪ್ಲಾಟ್‌ಫಾರ್ಮಿನ ಅಂಚಿನಲ್ಲಿ, ಇನ್ನೊಂದು ಸಂದಿನಲ್ಲಿ. ಗಾಲಿಯ ಬಿಸಿ ಗಾಳಿ ಕಾಲಿಗೆ ತಾಗುತ್ತದೆ. ಕೆಲವು ಸಲ ಡಬ್ಬಿ ಬಿಟ್ಟುಬಿಡುತ್ತೇನೆ, ಹೆಚ್ಚಿನ ಸಲ ಬಿಡುವುದಿಲ್ಲ. ನಿಜದಲ್ಲಿ ಬಿಟ್ಟಿರಲಿಲ್ಲ. ಶರಣಮ್ಮ ತಮ್ಮ ಕೈಯಲ್ಲಿದ್ದುದನ್ನು ಎಸೆದು, ನನ್ನ ತೋಳು ಹಿಡಿದೆಳೆದು ಹಿಂದಕ್ಕೆ ಬಿದ್ದರು. ಅವರ ಬಲಗೈ ಮೇಲೆ ನಾನು ಬಿದ್ದೆ. ರೈಲು ಹೋಯಿತು.

“ಇಪ್ಪತ್ತೊಂದನೇ ಡಬ್ಬಿ ನೀನ ಇದ್ದಿ! ಅದನ್ನ ಹಿಡೀಲಿಲ್ಲಲ್ಲ ಲೆಕ್ಕದಾಗ, ಖೋಡಿ!” ಎಂದು ಬೈದರು. “ಪೆಟ್ಟಾಯ್ತಾ?” ಎಂದು ನಾನು ಕೇಳಿದರೆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, “ಏನಿಲ್ಲ ನಡಿ” ಎಂದರು. ಉಳಿದ ಏಳು ಡಬ್ಬಿಗಳನ್ನು ಯಾರೋ ಪುಣ್ಯಾತ್ಮರು ಮುಂದಿನ ನಿಲ್ದಾಣದಲ್ಲಿ ಇಳಿಸಿಟ್ಟಿದ್ದರು. ಒಂದರ ಹೂವೂ ಜಜ್ಜಿರಲಿಲ್ಲ.

ಮರುವರ್ಷ ಅವರು ಪ್ಯಾಕಿಂಗಿಗೆ ಬರಲಿಲ್ಲ. ಅಳಿಯನಿಗೆ ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಮಗಳ ಬಾಣಂತನಕ್ಕೆ ಹೋಗುತ್ತೇನೆ ಎಂದು ಹೇಳಿಕಳಿಸಿದರು. ನಾನು ನಂಬಿದೆ.

ಎರಡು ವರ್ಷದ ನಂತರ ಇಳಕಲ್ ಸೀರೆಯೊಂದನ್ನು ನಾನೇ ಕಾಗದ ಸುತ್ತಿಕೊಂಡು ರಾಂಜಣಗಾಂವಕ್ಕೆ ಹೋದೆ. ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿದರು. “ಮೂಲಿ ಛಲೋ ಕುಂತಾವ” ಎಂದು ಮೆಚ್ಚಿದರು. ಬಿಚ್ಚಿ ನೋಡ್ರಿ ಎಂದರೆ ನನ್ನ ಮಡಿಲಿಗೇ ಹಾಕಿ, “ನೀನ ಬಿಚ್ಚವ್ವ” ಎಂದರು. ಆಗ ಕಂಡೆ. ಅವರ ಬಲಗೈ ಹೆಬ್ಬೆರಳು ಮಡಚದೆ, ಕಟ್ಟಿಗೆಯಂತೆ ನೆಟ್ಟಗೆ ನಿಂತಿತ್ತು.

“ಅವತ್ತಿಂದಾ?”

“ಬಿದ್ದಾಗ ಒಳಗ ಏನೋ ಕಟ್ ಅಂತು. ಕಾಗದದ ಮಡಿಕಿ ತೀಡ್ಲಾಕ ಬರಂಗಿಲ್ಲ.”

“ಯಾಕ ಹೇಳ್ಲಿಲ್ಲ?”

“ಹೇಳಿದ್ರ ನೀ ಮತ್ತ ಲೆಕ್ಕ ಮಾಡ್ಕೋತ ಕುಂಡ್ರತಿದ್ದಿ.”

ನಾನು ಟೇಪು ಕೀಳತೊಡಗಿದೆ. ಕಾಗದ ಪರ್ರೆಂದಿತು. ಅದೇ ನಮ್ಮ ಕೊನೆಯ ಭೇಟಿ. ಅಂದು ಶರಣಮ್ಮ ನನಗೆ ಹೇಳಿದ ಕೊನೆಯ ಬೈಗುಳ ಇಷ್ಟೇ:

“ಏ, ಹರೀಬ್ಯಾಡ, ಸಾವಕಾಶ. ಮೊಮ್ಮಗಳು ಆ ಕಾಗದ ಬೇಕಂತ ಕೇಳ್ತಾಳ.”