ಮುದ್ದೆಯೊಳಗಿನ ಮಾತ್ರೆ

ನನಗೆ ಮಾತ್ರೆ ನುಂಗಲು ಬರುವುದಿಲ್ಲ. ನೀರಿನ ಜೊತೆ ಹಾಕಿಕೊಂಡರೆ ಗಂಟಲಲ್ಲೇ ನಿಂತು ವಾಂತಿಯಾಗುತ್ತದೆ. ಮಾವಿನ ತೋಟದಲ್ಲಿ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಮೇಲೆ ಕೋಲಾರದ ಡಾಕ್ಟರು ನೋವಿಗೆಂದು ಜೋರು ಮಾತ್ರೆ ಬರೆದುಕೊಟ್ಟರು. ಅದನ್ನು ಮುದ್ದೆಯ ತುತ್ತಿನೊಳಗೆ ಒತ್ತಿ, ಸಾರಿನಲ್ಲಿ ಅದ್ದಿ ನನ್ನ ಬಾಯಿಗಿಡುವ ಕೆಲಸ ಮೊಮ್ಮಗಳದು. ಮುದ್ದೆಯನ್ನು ಅಗಿಯುವವರು ನಮ್ಮಲ್ಲಿ ಯಾರಿದ್ದಾರೆ? ಹಾಗೇ ನುಂಗುತ್ತಿದ್ದೆ. ಪಿಯುಸಿ ಓದುವ ಹುಡುಗಿ ಅಜ್ಜಿಗೆ ತುತ್ತಿಡುತ್ತಾಳೆಂದು ಶ್ರೀನಿವಾಸಪುರದ ನಮ್ಮ ಬೀದಿಯೆಲ್ಲ ಹೊಗಳಿತು. ನಾನೂ ಬೀಗಿದೆ.

ಬೇಸಿಗೆಯ ಹೊತ್ತಿಗೆ ನೋವು ಮತ್ತೆ ಏರಿತು. ಮಗ್ಗುಲು ಬದಲಿಸಿದರೆ ಜೀವ ಹೋದಂತಾಗುತ್ತಿತ್ತು. ಕೂಗಿಕೊಂಡರೆ ಸೊಸೆ ಅಡುಗೆಮನೆಯಿಂದಲೇ, "ಸುಮ್ಕೆ ಅರಚ್ಬೇಡಿ ಅತ್ತೆ, ಮಗು ಓದ್ಕೊಳ್ತಾ ಐತೆ" ಅನ್ನುವಳು. ಮಗು ಎಲ್ಲಿ ಓದುತ್ತಿತ್ತು? ಪುಸ್ತಕದ ಮೇಲೆ ತೂಕಡಿಸುತ್ತ, ಕೈ ಕೆರೆದುಕೊಳ್ಳುತ್ತ ಕೂತಿರುತ್ತಿತ್ತು. ಕರೆದರೆ ಬಲು ನಿಧಾನವಾಗಿ ತಲೆಯೆತ್ತುತ್ತಿತ್ತು. ಊಟ ಬೇಡ, ಗೆಳತಿಯರು ಬೇಡ. "ಓದೀ ಓದೀ ಸೊರಗವ್ಳೆ" ಎಂದು ಅವಳಪ್ಪ, ಅಂದರೆ ನನ್ನ ಮಗ, ಬಾದಾಮಿ ತಂದು ಸುರಿದ. ಕಣ್ಣಿದ್ದೂ ಕುರುಡರು.

ಒಂದು ಮಧ್ಯಾಹ್ನ ತುತ್ತು ದೊಡ್ಡದಾಯಿತೆಂದು ಬಾಯಿಂದ ತೆಗೆದು ಮುರಿದೆ. ಒಳಗೆ ಏನೂ ಇರಲಿಲ್ಲ. ತಟ್ಟೆಯಲ್ಲಿ ಉಳಿದ ಮುದ್ದೆಯನ್ನೂ ಕಿವುಚಿದೆ. ಬರೀ ರಾಗಿ.

"ನನ್ ಮಾತ್ರೆ ಎಲ್ಲೇ?"

ಅವಳು ಬೆದರಲಿಲ್ಲ. "ಹೇಳ್ಕೋ ಹೋಗಜ್ಜಿ. ನಿಂಗೆ ಅರಳುಮರಳು ಅಂತ ಆಗ್ಲೇ ಎಲ್ರಿಗೂ ಹೇಳಿದೀನಿ" ಎಂದಳು.

ನನ್ನ ಮಾತ್ರೆಯನ್ನು ಇವಳೇ ನುಂಗುತ್ತಿದ್ದಾಳೆಂದು ಹೇಳಿಯೇ ಹೇಳಿದೆ. ಮಗ ನಂಬಲಿಲ್ಲ. "ಬಾಯಿಗೆ ತುತ್ತಿಡೋಳ ಮೇಲೇ ಚಾಡಿ ಹೇಳ್ತೀಯಲ್ಲಮ್ಮ, ನಾಚ್ಕೆ ಆಗಲ್ವಾ?" ಎಂದು ನನ್ನನ್ನೇ ಬೈದ.

ನನಗೆ ಮೈಯೆಲ್ಲ ಉರಿದುಹೋಯಿತು. ಅವನು ಹೊಸ ಮಾತ್ರೆ ತಂದ ದಿನ ಅದನ್ನು ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮುದ್ದೆಗೆ ನಾನೇ ಒತ್ತಿಕೊಂಡು ನುಂಗಿದೆ. ನನ್ನ ನೋವು ಇಳಿಯಿತು, ಮಾತ್ರೆ ಸಿಗದೆ ಅವಳ ಸಂಕಟ ಶುರುವಾಯಿತು. ಮೂಗು ಸೋರುತ್ತಿತ್ತು, ಆಕಳಿಕೆ ನಿಲ್ಲುತ್ತಿರಲಿಲ್ಲ, ಬೆವರುತ್ತಲೇ ನಡುಗುತ್ತಿದ್ದಳು. ಸೊಸೆ ನೆಗಡಿಯೆಂದು ಕಷಾಯ ಕಾಯಿಸಿದಳು. ನಾನು ಮಂಚದ ಮೇಲೆ ಮಲಗಿ ನೋಡುತ್ತಿದ್ದೆ. ಖುಷಿಯಾಯಿತು, ಸುಳ್ಳೇಕೆ ಹೇಳಲಿ? ಇಷ್ಟು ದಿನ ನಾನು ಒದ್ದಾಡಿದ್ದನ್ನು ಅವಳು ಹೀಗೇ ನೋಡಿದ್ದಳು.

ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವಳು ಬಂದು ನನ್ನ ಕಾಲು ಹಿಡಿದಳು. "ಒಂದೇ ಒಂದು ಕೊಡಜ್ಜಿ, ಸತ್ತೋಗ್ತೀನಿ." ಕೊಡಲಿಲ್ಲ. ಮೇಲೆ ಬಿದ್ದು ಗಂಟಿಗೆ ಕೈ ಹಾಕಿದಳು. ಉಗುರು ತಾಗಿ ಹೊಟ್ಟೆಯ ಮೇಲೆ ರಕ್ತ ಬಂತು. ಸೊಸೆ ಬಾಯಿ ಬಡಿದುಕೊಂಡು ಅತ್ತಳು.

"ಈಗ ಕಾಣಿಸ್ತೇನ್ಲಾ? ಈಗ್ಲೇ ಆಸ್ಪತ್ರೆಗೆ ಕರ್ಕೊಂಡೋಗು. ಡಾಕ್ಟ್ರ ಹತ್ರ ಒಂದೂ ಮುಚ್ಚಿಡ್ಬೇಡ" ಎಂದು ಮಗನಿಗೆ ಹೇಳಿದೆ. ಅವಳು ಉಳಿಯಲಿ ಎಂದು ನನಗೆ ಅನ್ನಿಸಿದ್ದು ಆ ಗಳಿಗೆಯಲ್ಲೇ.

ಮಗ ಕೈ ತೊಳೆದು ಬಂದು ನನ್ನ ಮಂಚದ ಬಳಿ ಕೂತ. ತುಂಬ ಮೆತ್ತಗೆ ಮಾತಾಡಿದ.

"ಒಂದು ಕೊಟ್ಬಿಡಮ್ಮ. ನಾಳೆ ಪರೀಕ್ಷೆ ಐತೆ."

ನಾನು ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಸೊಸೆ ಕಣ್ಣೊರೆಸಿಕೊಂಡು ಬಂದು ನನ್ನ ಕೈಗಳನ್ನು ಅದುಮಿ ಹಿಡಿದಳು. ಗಂಟು ಬಿಚ್ಚಿದವನು ಮಗ.