ಮಾಳಮ್ಮನನ್ನು ಮಕ್ತಲಕ್ಕೆ ಬಿಟ್ಟು ಬಂದದ್ದು

ಪುಣೆಯಲ್ಲಿ ನಮಗೆ ಸಿಕ್ಕ ಮೊದಲ ಮನೆಗೆ ಗೋಡೆಗಳೇ ಇರಲಿಲ್ಲ. ಇನ್ನೂ ಏಳುತ್ತಿದ್ದ ಕಟ್ಟಡದ ಆರನೆಯ ಮಹಡಿ. ಮೇಲೊಂದು ಸ್ಲ್ಯಾಬು, ಕೆಳಗೊಂದು ಸ್ಲ್ಯಾಬು, ನಡುವೆ ಕಂಬಗಳು. ಖಾಲಿ ಸಿಮೆಂಟು ಚೀಲಗಳನ್ನು ಹೊಲಿದು ಒಂದು ಮೂಲೆಗೆ ಮರೆ ಕಟ್ಟಿಕೊಂಡು ನಾನು, ನನ್ನ ಗಂಡ ಸಾಬಣ್ಣ, ಎರಡು ವರ್ಷದ ಮಗಳು ಮಾಳಮ್ಮ ಇಳಿದುಕೊಂಡೆವು. ಬೆಳಿಗ್ಗೆ ಎದ್ದು ನೋಡಿದರೆ ಹದ್ದುಗಳು ನಮಗಿಂತ ಕೆಳಗೆ ಹಾರುತ್ತಿದ್ದವು.

ನಮ್ಮೂರು ತೆಲಂಗಾಣದ ಗಡಿಯಲ್ಲಿ, ಮಕ್ತಲದ ಹತ್ತಿರ. ಅಲ್ಲಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು ನಾನು; ಸಂತೆಯಲ್ಲಿ ತೆಲುಗು ಮನೆಮಾತಿನಷ್ಟೇ ಸಲೀಸು. ಪುಣೆಯಲ್ಲಿ ಎರಡೂ ಕೆಲಸಕ್ಕೆ ಬರಲಿಲ್ಲ. ಗಾರೆ ಹೊರುವ ಕಬ್ಬಿಣದ ಬುಟ್ಟಿಗೆ ಅಲ್ಲಿ ಘಮೇಲಾ ಅನ್ನುತ್ತಾರೆ. ಅದನ್ನು ಹೊರುವವರು ಬಿಗಾರಿ. ಶರಣಮ್ಮ ಎಂಬ ನನ್ನ ಹೆಸರನ್ನು ಬಹಳ ದಿನ ಯಾರೂ ಕೇಳಲಿಲ್ಲ. ಗಂಡಾಳು ಹೊರುವ ಘಮೇಲಾವನ್ನೇ ಹೆಣ್ಣಾಳೂ ಹೊರಬೇಕು, ಕೂಲಿ ಮಾತ್ರ ಅವರಿಗಿಂತ ಕಡಿಮೆ. ಅದು ಊರಲ್ಲೂ ಹಾಗೇ ಇತ್ತು. ಆ ಒಂದು ವಿಷಯದಲ್ಲಿ ಪುಣೆ ನನಗೆ ಹೊಸದೆನಿಸಲಿಲ್ಲ.

ಊರಲ್ಲಿ ನೀರು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಇಲ್ಲಿ ಪಕ್ಕದ ಸಾಲುಮನೆಗಳ ಚಾಳಿನ ನಲ್ಲಿಗೆ ಹೋದಾಗಲೆಲ್ಲ ಓಡಿಸುತ್ತಿದ್ದರು. ಒಂದು ದಿನ ಧೈರ್ಯ ಮಾಡಿ, ಅಲ್ಲಿದ್ದ ಮುದುಕಿಗೆ ಕಲಿತಷ್ಟು ಮರಾಠಿಯಲ್ಲಿ, ಮಾವಶಿ, ನೀರು ಕೊಡಿ ಎಂದೆ. ಮಾವಶಿ ಅಂದರೆ ಚಿಗವ್ವ. ಆಕೆ ನನ್ನನ್ನೊಮ್ಮೆ, ಸೊಂಟದ ಮೇಲಿನ ಕೂಸನ್ನೊಮ್ಮೆ ನೋಡಿ ಸರಿದು ನಿಂತಳು. ಕೊಡ ತುಂಬಿಸಿಕೊಂಡು ಆರು ಮಹಡಿ ಹತ್ತಿದ್ದು ಅಂದು ಭಾರವೆನಿಸಲಿಲ್ಲ.

ಕೆಲಸದ ಹೊತ್ತಿನಲ್ಲಿ ಮಾಳಮ್ಮನ ಸೊಂಟಕ್ಕೆ ಹಳೆ ಸೀರೆಯ ಒಂದು ತುದಿ, ಕಂಬಕ್ಕೆ ಇನ್ನೊಂದು ತುದಿ ಕಟ್ಟುತ್ತಿದ್ದೆ. ಎಲ್ಲ ತಾಯಂದಿರೂ ಹಾಗೇ ಮಾಡುತ್ತಿದ್ದರು. ಕೂಸಿನ ಹತ್ತಿರ ಕೂತರೆ ಅಂದಿನ ಕೂಲಿ ಇಲ್ಲ. ಒಂದು ಮಧ್ಯಾಹ್ನ ಘಮೇಲಾ ಇಳಿಸಿ ತಿರುಗಿದಾಗ ಕಂಬದ ಬಳಿ ಸೀರೆ ಮಾತ್ರ ಬಿದ್ದಿತ್ತು. ಲಿಫ್ಟಿಗೆಂದು ಬಿಟ್ಟಿದ್ದ ಹೊಂಡದ ಅಂಚಿನಲ್ಲಿ ನನ್ನ ಮಗಳು ಕುಕ್ಕರಗಾಲಿನಲ್ಲಿ ಕೂತು ಒಳಗೆ ಮರಳು ಸುರಿಯುತ್ತಿದ್ದಳು. ಮರಳು ಕೆಳಗೆ ಬಿದ್ದ ಸದ್ದು ಕೇಳಲೆಂದು ಮತ್ತಷ್ಟು ಬಾಗುತ್ತಿದ್ದಳು. ಕೂಗಿದರೆ ಬೆಚ್ಚಿ ಬಿದ್ದಾಳೆಂದು ನಾನು ಕೂಗಲಿಲ್ಲ. ಬರಿಗಾಲಲ್ಲಿ ನಡೆದು ಹೋಗಿ ಹಿಂದಿನಿಂದ ರಟ್ಟೆ ಹಿಡಿದೆ. ಆಮೇಲೆ ಹೊಡೆದೆ. ಅವಳು ಅತ್ತದ್ದಕ್ಕಿಂತ ನಾನು ಅತ್ತದ್ದು ಹೆಚ್ಚು.

ಆಳುಗಳನ್ನು ತಂದಿದ್ದ ಮುಕಾದಮ ನಮ್ಮ ಸೀಮೆಯ ಕೋಸಗಿ ಕಡೆಯವನು. ಅವನು ಬೈಯಲಿಲ್ಲ, ಕೂಸನ್ನು ಊರಿಗೆ ಕಳಿಸಿ, ಇಲ್ಲವೆ ನೀವೂ ಹೋಗಿ ಎಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿದ. ಅಂದೇ ನಮ್ಮವ್ವನಿಗೆ ಫೋನು ಮಾಡಿದೆ.

"ತಂದ್ ಬಿಡು, ನಾ ಇನ್ನಾ ಗಟ್ಟಿ ಅದೀನಿ," ಅಂದಳು ಅವ್ವ. "ಆದ್ರ ಬಿಟ್ ಮ್ಯಾಲ ಮತ್ ಮತ್ ಬಂದು ಅದನ್ನ ಅಳಿಸಿ ಹೋಗಬ್ಯಾಡ."

ಮಗಳನ್ನು ಕೃಷ್ಣಾ ಸ್ಟೇಷನ್ನಿನಲ್ಲಿ ರೈಲಿಳಿಸಿ ಊರಿಗೆ ಕರೆದೊಯ್ದೆ. ಮಾಳಮ್ಮ ಕುರಿಮರಿಗೆ ಸೊಪ್ಪು ತಿನ್ನಿಸುತ್ತಿದ್ದಾಗ ಹಿತ್ತಲ ಬಾಗಿಲಿನಿಂದ ಹೊರಬಿದ್ದೆ. ಹಾಲು ಇನ್ನೂ ಬಿಡಿಸಿರಲಿಲ್ಲ. ಪುಣೆಗೆ ಬಂದ ಮೇಲೆ ಎದೆ ಕಲ್ಲಿನಂತೆ ಬಿಗಿದು ಜ್ವರ ಬಂತು. ಜ್ವರದಲ್ಲೇ ಘಮೇಲಾ ಹೊತ್ತೆ. ಸಾಬಣ್ಣ ಮಗಳ ಸುದ್ದಿ ಎತ್ತುತ್ತಿರಲಿಲ್ಲ. ಊಟಕ್ಕೆ ಕೂತಾಗ ಮಾತ್ರ ಅವಳಿಗೆ ಉಣಿಸುತ್ತಿದ್ದ ಮೊದಲ ತುತ್ತನ್ನು ತಟ್ಟೆಯ ಅಂಚಿಗೆ ಇಟ್ಟುಬಿಡುತ್ತಿದ್ದ.

ಐದು ವರ್ಷ ಕಳೆದು ಈಗ ನಮಗೆ ಗೋಡೆಗಳಿವೆ. ತಗಡಿನ ಸೂರಿನ ಬಾಡಿಗೆ ಕೋಣೆ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಜೋಳದ ಹಿಟ್ಟು ಎಲ್ಲಿ ಸಿಗುತ್ತದೆಂದು ಗೊತ್ತು, ಮರಾಠಿ, ಹಿಂದಿಯಲ್ಲಿ ಜಗಳವಾಡಲೂ ಬರುತ್ತದೆ. ವರ್ಷಕ್ಕೊಮ್ಮೆ ದಸರೆಗೆ ಊರಿಗೆ ಹೋಗುತ್ತೇವೆ. ಈ ಸಲ ಕೆಲಸದ ನೆವದಿಂದ ಸಾಬಣ್ಣ ಉಳಿದ. ಮಗಳನ್ನು ಕರೆತರಲೆಂದು ನಾನೊಬ್ಬಳೇ ಹೋದೆ. ಅವಳಿಗೆ ಹೊಸ ಲಂಗ ಒಯ್ದಿದ್ದೆ. ಅದು ಮೊಣಕಾಲಿನವರೆಗೆ ಮಾತ್ರ ಬಂತು. ಅವಳು ಎಷ್ಟು ಬೆಳೆದಿದ್ದಾಳೆಂಬ ಅಂದಾಜು ನನಗಿರಲಿಲ್ಲ.

ಅವಳು ನಮ್ಮವ್ವನನ್ನೇ ಅವ್ವ ಅನ್ನುತ್ತಾಳೆ. ನನ್ನನ್ನು ಏನೆಂದೂ ಕರೆಯುವುದಿಲ್ಲ. ಎದುರು ಬಂದು ನಿಂತು ಮಾತಾಡುತ್ತಾಳೆ. ಪುಣೆಗೆ ಬಾ ಅಂದರೆ, ಶಾಲೆ ಐತಿ ಎಂದು ಅವ್ವನ ಸೆರಗು ಹಿಡಿದಳು.

"ಕರ್ಕೊಂಡು ಹೋಗು, ನಿನ್ ಮಗಳು," ಅಂದಳು ಅವ್ವ. "ನೀವಿಬ್ರೂ ಕೆಲ್ಸಕ್ಕ ಹೋದ್ರ ಅಲ್ಲಿ ಇದನ್ನ ಯಾರು ನೋಡ್ತಾರ? ಅದೊಂದು ಹೇಳು."

ನಾನು ಒಬ್ಬಳೇ ಹೊರಡಲು ಚೀಲ ಕಟ್ಟಿದೆ. ಅವಳಿಗಾಗಿ ನಾನು ಮನೆಯಲ್ಲುಳಿದರೆ ಬಾಡಿಗೆ ಹುಟ್ಟುವುದಿಲ್ಲ, ಆ ಕೋಣೆ ಉಳಿಯುವುದಿಲ್ಲ.

ಮಕ್ತಲದ ಬಸ್ ಸ್ಟ್ಯಾಂಡಿಗೆ ಅವ್ವ, ಮಾಳಮ್ಮ ಇಬ್ಬರೂ ನನ್ನನ್ನು ಕಳಿಸಲು ಬಂದಿದ್ದರು. ಕಲ್ಲುಬೆಂಚಿನ ಮೇಲೆ ಕೂತಿದ್ದ ಹೆಂಗಸೊಬ್ಬಳು ನಮ್ಮದು ಯಾವ ಊರೆಂದು ತೆಲುಗಿನಲ್ಲಿ ವಿಚಾರಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಳಮ್ಮ ಚೊಕ್ಕ ತೆಲುಗಿನಲ್ಲಿ, ನಾವಿಬ್ಬರು ಇಲ್ಲಿಯವರು, ಈಕೆ ಪುಣೆಯವಳು ಎಂದಳು.

ಹೆಂಗಸು ತಲೆಯಾಡಿಸಿ ನನ್ನತ್ತ ತಿರುಗಿ, ನನಗೆ ತೆಲುಗು ಬಾರದೆಂದುಕೊಂಡು, ಯಾವಾಗ ಬಂದಿರಿ ಎಂದು ಹಿಂದಿಯಲ್ಲಿ ಕೇಳಿದಳು. ನಾನೂ ಹಿಂದಿಯಲ್ಲೇ ಉತ್ತರ ಕೊಟ್ಟೆ.